ಬೀಗತಿ

ಸ್ಕ್ಯಾನಿಂಗ್ ಸೆಂಟರಿನ ಉದ್ಘಾಟನಿಗೆ ಯಾರೋ ಕೊಟ್ಟದ್ದು.
ಥಳಥಳ ಹಾಳಿ ಸುತ್ತಿ ಕೆಂಪು ರಿಬ್ಬನ್ ಕಟ್ಟಿತ್ತು.
ಎರಡು ತಿಂಗಳು ಕೌಂಟರ್ ಮ್ಯಾಲ ನಿಂತು
ಹೂವೆಲ್ಲ ಉದುರಿ ಬರೇ ಕಡ್ಡಿ ಉಳಿದಾಗ
ಡಾಕ್ಟರ್ ಸಾಹೇಬರು ಕಸದ ಡಬ್ಬಿ ತೋರಿಸಿದರು.
ನಾನು ಬುತ್ತಿ ಚೀಲದಾಗ ಇಟಗೊಂಡು ಮನಿಗೆ ತಂದೆ.
ಗಾಜೀಪುರದ ಬಸ್ಸಿನಾಗ ಕಂಡಕ್ಟರ್ ಬಗ್ಗಿ ನೋಡಿ,
"ಉಳ್ಳಾಗಡ್ಡಿ ಏನಕ್ಕ?" ಅಂದ.

ಆರ್ಕಿಡ್ಡಿಗೆ ಮಣ್ಣು ಬ್ಯಾಡ. ಅತ್ತಿಗೆ ಅದೇ ಮೊದಲ ಸಿಟ್ಟು:
"ಇಂಥಾ ಕರಿನೆಲಕ್ಕ ಬಂದು ಮಣ್ಣು ಒಲ್ಲೆ ಅಂತದಲ್ಲ!"
ಇದ್ದಿಲು, ಒಡೆದ ಹಂಚಿನ ಚೂರು, ಕಾಯಿ ಸುಲಿದ ನಾರು,
ಹಳೇ ಜರಡಿಯೊಳಗ ತುಂಬಿ ಕೂಡಿಸಿದೆ.

ಬೋರಿನ ನೀರೂ ಆಗೂದಿಲ್ಲ.
ಶಹಾಬಾದಿ ಪರಸಿ ಕರಗಿಸಿಕೊಂಡು ಬಂದಂಥ ನೀರು,
ಎಲಿ ಮ್ಯಾಲ ಸುಣ್ಣದ ಕಲಿ ಬಿಟ್ಟು ಹೋಗ್ತದ.
ಹಂಗಾಗಿ ಎಕ್ಸ್-ರೇ ಖೋಲಿಯ ಏಸಿ ಹಿಂದ
ಹನಿಹನಿ ತೊಟ್ಟಿಕ್ಕೋದನ್ನ ಬಾಟಲಿಗೆ ಹಿಡಿದು ತರತೀನಿ.
ಊರ ಮಂದಿ ಎಲುಬು ನೋಡಿ ಬೆವತ ತಂಪು ಅದು.

ಮ್ಯಾಲಿನ ಮನಿ ಖುತೇಜಾ ಆಪಾ
ಗಲ್ಲಕ್ಕ ಕೈ ಹಚ್ಚಿ ನಿಂತು ಎಲ್ಲಾ ನೋಡಿದಳು.
"ನೆಲಕ್ಕ ಕೂಡಲ್ಲ, ನಮ್ಮ ನೀರು ಕುಡಿಯಲ್ಲ, ಬಿಸಲಿಗೆ ಬರಲ್ಲ.
ಇದು ಗಿಡ ಅಲ್ಲವ್ವಾ, ಬೀಗತಿ."
ಅವತ್ತಿಂದ ಅದೇ ಹೆಸರು.

ಪುಷ್ಯದ ಚಳಿಗಿ ಕಿಟಕಿ ತೆರೆದಿಟ್ಟೆ.
ಎಲಿ ಸಂದಿಂದ ಹಸರು ಮೂತಿ ಒಂದು ಹೊರಗ ಇಣಕಿತು.
ಬೇರೋ, ಹೂವಿನ ಕಡ್ಡಿಯೋ?
ಹದಿನೈದು ದಿನ ಮನಿಯೊಳಗ ಅದೇ ಪಂಚಾಯ್ತಿ.
"ಎಕ್ಸ್-ರೇ ತೆಗಿ" ಅಂದ ಮಗ ಕಲ್ಯಾಣಿ, ನಕ್ಕೋತ.
ಕೆಳಗ ಬಾಗಲಿಲ್ಲ. ಮ್ಯಾಲೇ ಹೊಂಟಿತು.

ಕಾಮನ ಬೂದಿ ಆರೂದ್ರಾಗ ಬಿಸಲು ಮೂವತ್ತೊಂಬತ್ತು.
ಅಟ್ಟದ ಮ್ಯಾಲಿಂದ ಕೂಲರ್ ಇಳಿಸಿ
ಧೂಳು ಜಾಡಿಸಿ ಹೊಸಾ ಹುಲ್ಲು ಕಟ್ಟಿದೆವು.
ಅಷ್ಟರಾಗ ಎರಡು ಮೊಗ್ಗಿ ಹಳದಿ ಆಗಿ ಬಿದ್ದಿದ್ದವು,
ಒಣ ಗಾಳಿ ಹೊಡೆದು.
ಒಂದು ಮುಂಜಾನಿ ಹಾಲಿನವ ಗಂಟಿ ಬಾರಿಸೂದಕ್ಕ
ಕೂಲರಿನ ತಂಪಿಗೆ ಮೂರನೇದು ಬಾಯಿ ಬಿಟ್ಟಿತ್ತು.
ಬಿಳಿ. ನಡುವ ಗುಲಾಬಿ ನಾಲಿಗಿ,
ನಾಲಿಗಿ ಮ್ಯಾಲ ಯಾರೋ ಕೈ ಕೊಡವಿದಂಗ ಕುಂಕುಮ.
ನಾನು ಭಾಂಡಿ ತಗೊಂಡು ಹೋಗೂದೇ ಮರತೆ.

ಬಂದವರೆಲ್ಲ ಕೇಳೂದು ಒಂದೇ: "ಪ್ಲಾಸ್ಟಿಕ್ಕೇನ್ರಿ?"
ಕೇಬಲ್ಲಿನವ ಉಗುರು ಚುಚ್ಚೇ ನೋಡಿದ,
ಎಸಳಿನ ಅಂಚಿಗೆ ಆ ಗುರುತು ಇನ್ನೂ ಅದ.
ಅತ್ತಿ ಮೂಗು ಹಚ್ಚಿ ಅಂದಳು:
"ವಾಸನಿನೇ ಇಲ್ಲ. ಮಲ್ಲಿಗಿ ಸಂಜೀಕ ಸತ್ತರೂ
ಮನಿ ತುಂಬಿ ಸಾಯ್ತದ."
ಖರೆ, ದಿನಾ ವಿಭೂತಿ ಹಚ್ಚಿಕೊಂಡು ಮೊದಲು ಬರೂದು ಇಲ್ಲಿಗೇ.
ಬೆರಳು ಮಡಚತಾಳ: ನಾಕು. ಮರುದಿನ, ಐದು.

ಯುಗಾದಿ ಎಂಟು ದಿನ ಇತ್ತು.
ಹೊರಗ ಬೇವು ಯಾರನ್ನೂ ಕೇಳದೆ ಹೂ ಸುರೀತಿತ್ತು.
ಮಧ್ಯಾಹ್ನ ಮೂರಕ್ಕ ಕರೆಂಟ್ ಹೋತು.
ಕೂಲರ್ ಉಸರು ಕಟ್ಟಿ ನಿಂತಿತು.
ಮೆಟ್ಟಿಲ ಮ್ಯಾಲ ಚಪ್ಪಲಿ ಸಪ್ಪಳ:
ಆಪಾ, ಕೈಯಾಗ ಬೀಸಣಿಗಿ. ರೋಜಾದ ತುಟಿ ಒಣಗಿತ್ತು.
ನಾನು ಟವಲ್ ತೋಯಿಸಿ ಕಿಟಕಿಗೆ ಹಾಕೂದ್ರಾಗ
ಕುರ್ಚಿ ಎಳಕೊಂಡು ಕೂತಳು.
ಅತ್ತಿಗೆ ಒಂದು ಬೀಸು, ಬೀಗತಿಗೆ ಎರಡು.
ತನಗ ಬೀಸಿಕೊಂಡದ್ದು ನಾ ನೋಡಲಿಲ್ಲ.
ಯಾರೂ ಮಾತಾಡಲಿಲ್ಲ. ಪರಸಿ ಮ್ಯಾಲಿನ ಬಿಸಲು
ಒಂದು ಗೇಣು ಸರಿದು ಬಾಗಿಲ ತನಕ ಬಂತು.

ಕರೆಂಟ್ ಬಂತು. ಕೂಲರ್ ಕೆಮ್ಮಿ ತಿರಗಾಕ ಹತ್ತಿತು.
"ಸಾಕು ಬಿಡು ಆಪಾ, ಕೈ ನೋಯ್ತಾವ" ಅಂದೆ.
ಅಕಿ ಕಣ್ಣು ತೆಗೀಲಿಲ್ಲ.
"ತಡಿ, ಸುಮ್ನಿರು.
ಆರನೇದು ಬಾಯಿ ಬಿಡೋ ಹಂಗ ಅದ."