ಕೆಂಪು ದೀಪದೆದುರು

ಕ್ರಾಕೂವ್ ಊರಿನ ಹಳಿಗಳ ಮೇಲೆ
ಇಪ್ಪತ್ತೊಂಬತ್ತು ವರ್ಷ ಟ್ರಾಮು ಓಡಿಸಿದವಳು ನಾನು.
ಎಡಗಣ್ಣಿನ ಹಿಂಗೋಡೆಗೆ ಬೇಳೆಕಾಳಿನಷ್ಟು ಕಪ್ಪು
ಯಾವಾಗ ಹತ್ತಿ ಕೂತಿತೋ, ಟಿಕೆಟ್ಟಿಲ್ಲದೆ.

"ಕಣ್ಣು ತೆಗೆಯಬಹುದು" ಅಂದರು ಮೊದಲು. ಒಲ್ಲೆ ಅಂದೆ.
"ಇಲ್ಲವೇ ರುಥೇನಿಯಂ ಬಿಲ್ಲೆ: ಕಣ್ಣಿನ ಹಿಂದೆ ಹೊಲಿದು
ನಾಲ್ಕು ದಿನ ಬಿಟ್ಟು, ಆಮೇಲೆ ಬಿಚ್ಚುತ್ತೇವೆ."
ಕೋಟಿನ ಗುಂಡಿಯಷ್ಟೇ ಅದು, ನೋಡಿದೆ.
ಆದರೆ ನನ್ನ ಗಡ್ಡೆ ಬಿಲ್ಲೆಯ ಕೈಗೆಟುಕದಷ್ಟು ದಪ್ಪವಂತೆ,
ನರದ ಬುಡದ ಪಕ್ಕದಲ್ಲೇ ಬಿಡಾರವಂತೆ.
ಉಳಿದದ್ದು ಪ್ರೋಟಾನು.

ಅಡುಗೆಮನೆಯಲ್ಲಿ ತಂಗಿ ಬ್ರೊನ್ಯಾ
ಬೀಟ್‌ರೂಟಿನ ಸಿಪ್ಪೆ ಹೆರೆಯುತ್ತ ಕೇಳಿದಳು:
"ನನಗೆ ಕೊಟ್ಟದ್ದೇ ಅಲ್ಲವೇ ಅದು?"
ಅಲ್ಲ ಕಣೇ. ನಿನ್ನ ಎದೆಗೆ ಕೊಟ್ಟದ್ದು ಎಕ್ಸ್‌ರೇಯ ದೊಡ್ಡಣ್ಣ,
ಎಕ್ಸ್‌ಪ್ರೆಸ್ ರೈಲು: ಊರೊಳಗೆ ನುಗ್ಗಿ,
ದಾರಿಯ ಪ್ರತಿ ಮನೆಯ ಗಾಜು ನಡುಗಿಸಿ,
ಆ ಕಡೆಯಿಂದ ಹೊರಟೇಹೋಗುತ್ತದೆ.
ಅದಕ್ಕೇ ಬೇರೆ ಬೇರೆ ದಿಕ್ಕಿಂದ ಸ್ವಲ್ಪ ಸ್ವಲ್ಪ,
ಇಪ್ಪತ್ತೈದು ದಿನ ಓಡಾಡಿಸಿದರು ನಿನ್ನ.
ಇದು ಟ್ರಾಮು. ದಾರಿಯಲ್ಲಿ ಹೆಚ್ಚು ಗಲಾಟೆಯಿಲ್ಲ.
ಕೊನೆಯ ಸ್ಟಾಪಿನಲ್ಲಿ ಇದ್ದಬದ್ದ ಭಾರವನ್ನೆಲ್ಲ ಇಳಿಸಿ
ಅಲ್ಲೇ ನಿಲ್ಲುತ್ತದೆ. ಮುಂದೆ ಹಳಿಯೇ ಇಲ್ಲ.

"ಹಾಗಾದರೆ ನಂದು ಕಡಿಮೆಯದ್ದೋ?"
ಅವಳ ಚಾಕು ನಿಂತಿತು.
ಅಂಗಿಯ ಕತ್ತಿನಂಚಿನಲ್ಲಿ ಇನ್ನೂ ಆ ಕಂದು ಚೌಕ.
ನಾಲ್ಕು ವರ್ಷವಾಯಿತು, ಏನೂ ಮರಳಿ ಬಂದಿಲ್ಲ.
ಉಪಮೆ ನನ್ನದು, ಬದುಕಿ ತೋರಿಸಿದವಳು ಅವಳು.

ಮಾತು ಬದಲಿಸಿ ಸೆವೆರಿನ್‌ನ ಸುದ್ದಿ ಎತ್ತಿದೆ:
ಕೆಳಮನೆಯವನು, ಹೊಟ್ಟೆಯಡಿ ಎಂಬತ್ತು ಬೀಜ ಬಿತ್ತಿಸಿಕೊಂಡು
ಎರಡು ತಿಂಗಳು ಮೊಮ್ಮಗಳನ್ನು ತೊಡೆಗೇರಿಸದೆ
ಮೇಜಿನಾಚೆಯಿಂದ ಕತೆ ಹೇಳಿದವನು.
ಬ್ರೊನ್ಯಾ ನಕ್ಕಳು. ಕೈಯೆಲ್ಲ ಕೆಂಪು.

ಬುಧವಾರ. ಕುರ್ಚಿ. ಮುಖಕ್ಕೆ ಬಿಗಿದ ಮುಖವಾಡ,
ಹಲ್ಲಿಗೆ ಕಚ್ಚು, ರೆಪ್ಪೆಗೆ ಕೊಕ್ಕೆ.
ಗುರುತಿಗೆಂದು ಹೊಲಿದ ನಾಲ್ಕು ಟ್ಯಾಂಟಲಂ ಚುಕ್ಕಿ ಒಳಗೆ.
"ಲುದ್‌ವಿಕಾ, ಆ ಚಿಕ್ಕ ದೀಪವನ್ನೇ ನೋಡಿ."
ಹುಡುಗನೊಬ್ಬನ ದನಿ. ಎಲ್ಲರೂ ಹೊರಗೆ ಹೋಗುವ ಹೆಜ್ಜೆ.

ಕೆಂಪು.
ಇಪ್ಪತ್ತೊಂಬತ್ತು ವರ್ಷ ಇದನ್ನು ಕಂಡು ನಿಂತವಳು,
ಬೈಯುತ್ತ, ಗಡಿಯಾರ ನೋಡುತ್ತ.
ಇವತ್ತು ಇನ್ನೊಂದು ನಿಮಿಷ ಹಸಿರಾಗದಿರಲಿ.
ನಾನು ಕೂದಲೆಳೆ ಅಲುಗಿದರೂ
ಟ್ರಾಮು ಬೇರೆ ಯಾರದೋ ಬೀದಿಗೆ.

ಸದ್ದಿಲ್ಲ. ನೋವಿಲ್ಲ.
ಬಲಗಾಲು ಮಾತ್ರ, ಬ್ರೇಕು ಸಿಕ್ಕಿತೆಂಬಂತೆ,
ತಾನಾಗಿ ನೆಲ ಒತ್ತುತ್ತಿತ್ತು.