ಗಂಟಿನೊಳಗೆ ಗಂಟು

ಬೈತಖೋಲ ಬಂದರಿನಲ್ಲಿ ಬೆಳಗಿನ ನಾಲ್ಕೂ ನಲವತ್ತಕ್ಕೆ
ನಾನು ಸಾಕಿದ ಪ್ರೋಗ್ರಾಮು ಸತ್ತಿತು.
ತಕ್ಕಡಿಯ ಮೇಲಿನ ಪರದೆ ಕಪ್ಪು. ಹರಾಜಿನ ಹಲಗೆ ಖಾಲಿ.
ಬುಟ್ಟಿಯಿಂದ ಬುಟ್ಟಿಗೆ ಐಸು ಸೋರಿ
ಸಿಮೆಂಟಿನ ಮೇಲೆ ಕೆಂಪಗೆ ಹರಿಯುತ್ತಿತ್ತು.
"ಬಂಗಡೆಗೆ ನೀನೇ ಹೇಳು ವೃಂದಾ,
ನಿನ್ನ ಕಂಪ್ಯೂಟರು ಏಳೂವರೆಗೆ ಕೊಳೀಬೇಡ ಅಂತ,"
ಸೊಂಟಕ್ಕೆ ಕೈಯಿಟ್ಟು ಶೇವಂತಿ ದುರ್ಗೇಕರ್.

ಎಬ್ಬಿಸಿದೆ. ಮತ್ತೆ ಸತ್ತಿತು,
ಅದೇ ಜಾಗದಲ್ಲಿ, ಅದೇ ಸಂದೇಶದ ಬಾಯಿಗೆ ಬಿದ್ದು.

ದೊಡ್ಡದೇನಲ್ಲ ಅದು. ಒಂದು ಫೋಟೋದಷ್ಟೂ ಭಾರವಿಲ್ಲ.
ಭಾರಕ್ಕೆ ಕಾವಲಿಟ್ಟಿದ್ದೆ;
ಆಳಕ್ಕೆ ಇಟ್ಟಿರಲಿಲ್ಲ.

ಬಿಚ್ಚುವ ಕೆಲಸ ಪುಕ್ಕಟೆ ಸಿಕ್ಕ ಲೈಬ್ರರಿಯದು.
ಊರೆಲ್ಲ ಬಳಸುತ್ತದೆ, ನಾನೂ.
ಅದಕ್ಕೆ ಗೊತ್ತಿರುವುದು ಇಷ್ಟೇ: ಗಂಟು ಬಿಚ್ಚು,
ಒಳಗೆ ಗಂಟಿದ್ದರೆ ನಿನ್ನನ್ನೇ ಮತ್ತೆ ಕರೆ.
ಕರೆದವನು ಬಿಚ್ಚಿದ ಬಟ್ಟೆಯ ತುದಿ ಹಿಡಿದು ಕಾಯುತ್ತಾನೆ
ಒಳಗೆ ಹೋದವನು ಬರಲಿ ಎಂದು.
ಒಳಗೆ ಹೋದವನೂ ಕಾಯುತ್ತಾನೆ. ಅವನು ಕಳಿಸಿದವನೂ.
ಸಾವಿರ ಜನ ನಿಂತರು, ಎರಡು ಸಾವಿರ,
ಎಲ್ಲರೂ ಅದೇ ಒಬ್ಬ,
ಇದ್ದದ್ದು ಒಂದೇ ಧಕ್ಕೆಯಷ್ಟು ಜಾಗ.
ಕೊನೆಯವನು ಕಾಲಿಟ್ಟಲ್ಲಿ ನೆಲವಿರಲಿಲ್ಲ.

"ಯಾರ ಕಿತಾಪತಿ?" ಸಂಘದ ಕಾರ್ಯದರ್ಶಿ ತಾಂಡೇಲರು ಕೇಳಿದರು.
ಆಗದವರಿಗೆ ಇದು ಸುಲಭ, ಒಪ್ಪಿದೆ.
ಏನೂ ಇಲ್ಲದ ಗಂಟುಗಳನ್ನು ಒಂದರೊಳಗೊಂದು ಕಟ್ಟಿ ಎಸೆದರೆ ಸಾಕು;
ಬೀಗ ಮುರಿಯಬೇಕಿಲ್ಲ, ಗುಟ್ಟು ಕದಿಯಬೇಕಿಲ್ಲ,
ಬಂದರು ನಿಂತುಹೋಗುತ್ತದೆ.

ಆದರೆ ಕಳಿಸಿದ್ದು ಜಲಕೇತಕಿ, ನಮ್ಮದೇ ದೋಣಿ.
ಆರು ದಿನ ಸಿಗ್ನಲ್ ಸಿಗದ ನೀರಿನಲ್ಲಿ
ಅದರ ಪೆಟ್ಟಿಗೆ ನಿಮಿಷಕ್ಕೊಮ್ಮೆ ಕೂಗಿದೆ;
ಓಗೊಡುವವರಿಲ್ಲದೆ ಹಳೆಯ ಕೂಗನ್ನು
ಹೊಸ ಕೂಗಿನಲ್ಲಿ ಸುತ್ತಿಟ್ಟುಕೊಂಡಿದೆ.
ಎಂಟು ಸಾವಿರದ ಆರುನೂರ ನಲವತ್ತು ಸುತ್ತು.
ದೇವಗಡದ ದೀಪ ಕಂಡದ್ದೇ
ಎಲ್ಲವನ್ನೂ ಒಂದೇ ಉಸಿರಿಗೆ ನನ್ನ ಮಡಿಲಿಗೆ ಸುರಿದಿದೆ.

ನನ್ನ ಚಿಕ್ಕಪ್ಪ ದೇವಿದಾಸ
ಕುರುಮಗಡದ ಬಂಡೆಗಳಲ್ಲಿ ನೀಲಿಕಲ್ಲಿನ ಚಿಪ್ಪು ಕೀಳಲು ಮುಳುಗುತ್ತಿದ್ದ.
ದೋಣಿಯಿಂದ ಇಳಿಬಿಟ್ಟ ಹಗ್ಗಕ್ಕೆ ಮಾರಿಗೊಂದು ಗಂಟು.
ಕತ್ತಲಲ್ಲಿ ಅಂಗೈಗೆ ತಾಗಿದ್ದನ್ನು ಎಣಿಸುತ್ತ ಇಳಿದು
ಐದನೆಯದಕ್ಕೆ ತಿರುಗಿಬಿಡುತ್ತಿದ್ದ,
ಇನ್ನೊಂದು ಮೊಳದಾಚೆ ಎಂಥ ಗೊಂಚಲು ಕಂಡರೂ.
"ಇಳಿಯೋದಕ್ಕೆ ಏನು, ಕಲ್ಲೂ ಇಳೀತದೆ.
ಉಸಿರು ಬೇಕಾಗೋದು ವಾಪಸ್ ಬರೋದಕ್ಕೆ."

ಬೆರಳು ನಡುಗುತ್ತಿದ್ದವು. ಒಂದು ಸಾಲು ಬರೆದೆ:
ಅರವತ್ತನಾಲ್ಕನೆಯ ಗಂಟಿಗೆ ತಿರುಗು.
ಐದೂ ಇಪ್ಪತ್ತಕ್ಕೆ ಪರದೆ ಬೆಳಗಿತು.
ಶೇವಂತಿ ಮೊದಲ ಇಸ್ವಾಣಕ್ಕೆ ಕೂಗಿದಳು,
ಜಲಕೇತಕಿಯ ಗಂಟು ಹೊಸ್ತಿಲಾಚೆ ಬಿದ್ದಿತ್ತು,
ಆಳ ಹೆಚ್ಚಾಯಿತು ಎಂಬ ಚೀಟಿ ಅಂಟಿಸಿಕೊಂಡು.

ಅದು ನನ್ನನ್ನು ಉಣ್ಣಗೊಡಲಿಲ್ಲ.
ಮಧ್ಯಾಹ್ನ ಡಬ್ಬಿ ಪಕ್ಕಕ್ಕಿಟ್ಟು ನಾನೇ ಕೂತೆ,
ಈ ಸಲ ಯಾರನ್ನೂ ಕರೆಯದೆ, ಯಾರನ್ನೂ ಕಾಯಿಸದೆ,
ಬಿಚ್ಚಿದ ಬಟ್ಟೆ ಅಲ್ಲೇ ಬಿಸಾಡಿ
ಮುಂದಿನದು, ಮುಂದಿನದು.
ಕೇಳಿಸಿತಾ, ಎನ್ನುತ್ತಿತ್ತು ಪ್ರತಿ ಸುತ್ತೂ,
ಕೇಳಿಸಿತಾ,
ಕೇಳಿಸಿತಾ,
ಬೇರೇನಿಲ್ಲ.

ತೀರಾ ಒಳಗೆ, ಹೊರಟ ದಿನದ ಮಾತು:
ಉಪ್ಪು ಮರೆತು ಬಂದಿದ್ದೇವೆ.
ಈ ಕಡೆ ಬರುವ ದೋಣಿ ಇದ್ದರೆ ಒಂದು ಸೇರು ಕಳಿಸಿ.

ಕಿಟಕಿಯಾಚೆ ದೋಣಿ ಕಟ್ಟಿ ನಿಂತಿತ್ತು,
ಹುಡುಗರು ಬಲೆಯ ಮೇಲೆ ಬಿದ್ದು ನಿದ್ದೆ ಹೋಗಿದ್ದರು.
ಆದರೂ ಪೆಟ್ಟಿಗೆಗೆ ಉತ್ತರ ಕಳಿಸಿದೆ,
ಯಾವುದರಲ್ಲೂ ಸುತ್ತದೆ, ಒಂದೇ ಪದ: ತಲುಪಿತು.

ಶೇವಂತಿಗೆ ಹೇಳಿದರೆ ನಕ್ಕಾಳು ಅಂದುಕೊಂಡೆ.
ಅವಳು ಸಮುದ್ರದ ಕಡೆ ನೋಡಿ,
"ಇಷ್ಟೊಂದು ನೀರಿನ ನಡುವೆ," ಅಂದಳು,
"ಆರು ದಿನ ಸಪ್ಪೆ ಗಂಜಿ."