ಷರಾ

ಇನಾರಿಯಿಂದ ಉತ್ತರಕ್ಕೆ ಹದಿಮೂರು ನಿಲ್ದಾಣ.
ಪುಸ್ತಕದ ಬಸ್ಸು. ಓಡಿಸುವವನೂ ನಾನೇ,
ಮುದ್ರೆ ಒತ್ತುವವನೂ ನಾನೇ.
ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ರಜೆ ಹಾಕುತ್ತಾನೆ,
ಅರ್ಜಿಯನ್ನೂ ಕೊಡದೆ.

ಈ ಸಲ ಎಲ್ಲರಿಗೂ ಬೇಕಾದದ್ದು ಒಂದೇ:
ಚಿತ್ರಗಳಲ್ಲಿ ಹೇಳಿದ ಕಾದಂಬರಿ, ಇಟ್ಟಿಗೆಯಷ್ಟು ದಪ್ಪ,
ಮುಟ್ಟಿದರೆ ಅಂಗೈಗೆ ಮಸಿ ಹತ್ತೀತು ಅನ್ನುವಷ್ಟು ಕಪ್ಪು.
ಬಾವಿಯ ತಳದಲ್ಲೊಂದು ಊರು. ಅಲ್ಲಿ ಸತ್ತವರು
ಮಗ್ಗದ ಮುಂದೆ ಕೂತು
ಬದುಕಿದವರ ನೆರಳು ನೇಯುತ್ತಾರೆ.
ತಮ್ಮನನ್ನು ಬಿಡಿಸಿ ತರಲು ಒಬ್ಬಳು ಹುಡುಗಿ
ಬತ್ತಿಯಿಲ್ಲದ ಕಂದೀಲು ಹಿಡಿದು ಇಳಿಯುತ್ತಾಳೆ.
ನಡುದಾರಿಯಲ್ಲಿ ತೋಳಮುಖದ ಸೂಲಗಿತ್ತಿ.
ಇರುವುದು ಒಂದೇ ಪ್ರತಿ. ವಾಯಿದೆ ಎರಡು ವಾರ.

ನಲವತ್ತು ವರ್ಷ ಹೆರಿಗೆ ಮಾಡಿಸಿದ ಸೈಮಿ
ಬೂಟಿನ ಹಿಮ ಕೊಡವುತ್ತ ಮೆಟ್ಟಿಲ ಮೇಲೇ ನಿಂತು ಹೇಳಿದಳು:
“ಮುಖ ತೋಳದ್ದಿರಲಿ, ನನ್ನ ತಕರಾರಿಲ್ಲ.
ಕೈ ನೋಡಿದೆಯಾ? ಕೂಸಿನ ತಲೆಯಡಿ ಬೆರಳಿಟ್ಟ ಬಗೆ?
ಬರೆದವನು ಹೆರಿಗೆಕೋಣೆಯ ಬಾಗಿಲವರೆಗೆ ಬಂದವನು.
ಒಳಗೆ ಬಂದವನಲ್ಲ.”

ಹಿಮಸಾರಂಗ ಕಾಯುವ ಅಸ್ಲಕ್ ಮೇಜಿನ ಮೇಲೆ ಕುಕ್ಕಿದ.
“ಸುಳ್ಳು. ಕಿವಿ ಹಿಂದಕ್ಕೊತ್ತಿದ ತೋಳ
ಸಿಟ್ಟಿನಲ್ಲಿಲ್ಲ, ಹೆದರಿದೆ.
ಅಷ್ಟೂ ತಿಳಿಯದವನು ತೋಳದ ತಂಟೆಗೇಕೆ ಹೋದ?”
ಬಾಗಿಲವರೆಗೆ ಹೋದವನು ತಿರುಗಿ ಬಂದ.
“ತಿಳಿದೇ ಬರೆದನೋ?”
ಇನ್ನೆರಡು ವಾರ ಇರಲಿ ಅಂದ.

ಹದಿನೈದರ ಓಸ್ಮೊಗೆ ರಕ್ತ ಸಾಲದು.
ಪಾದ್ರಿ ಯಾಲ್ಮರಿಗೆ ಒಂದೇ ಬೇಸರ:
ಸತ್ತ ಮೇಲೂ ಮಗ್ಗವೇ, ಕೂಲಿಯೂ ಇಲ್ಲದೆ?
ಆಮೇಲೆ, ದನಿ ತಗ್ಗಿಸಿ,
ಎರಡನೆಯ ಭಾಗ ಬಂದಿದೆಯೇ ಎಂದ.

ಎಲ್ಲರೂ ಎಡವುವುದು ನೂರ ಹನ್ನೆರಡರಲ್ಲಿ.
ಹುಡುಗಿ ಕೊನೆಯ ಮೆಟ್ಟಿಲು ಇಳಿದಾಗ
ಎದುರುಬದುರು ಎರಡು ಪುಟ ಬರೀ ಕಪ್ಪು.
ಗೆರೆಯಿಲ್ಲ, ಮಾತಿಲ್ಲ.

“ಅಚ್ಚಿನವರ ತಪ್ಪು, ದುಡ್ಡು ವಾಪಸು ಕೇಳು,”
ಅಂಚೆಯ ಮೆರ್ವಿಯ ತೀರ್ಪು.
ಮರದ ಲಾರಿಯ ತೈಸ್ತೋ ನಕ್ಕ:
“ತಪ್ಪೆಲ್ಲಿ? ಇದು ನಮ್ಮ ರಸ್ತೆಯಲ್ಲವೇ,
ಹೆಡ್‌ಲೈಟು ಕೈಕೊಟ್ಟ ರಾತ್ರಿ?”

ರೌನಿ ಏನೂ ಹೇಳಲಿಲ್ಲ.
ಗಂಡನ ಬಲೆಯನ್ನು ಈ ಚಳಿಗಾಲದಿಂದ ಅವಳೇ
ಮಂಜುಗಡ್ಡೆ ಕೊರೆದು ಇಳಿಬಿಡುತ್ತಾಳೆ.
ಮೂರು ಸಲ ವಾಯಿದೆ ಮುಂದೂಡಿಸಿಕೊಂಡಳು,
ನಾಲ್ಕನೆಯ ಸಲ ತಂದು ಕೊಟ್ಟಳು, ಪತ್ರಿಕೆಯಲ್ಲಿ ಸುತ್ತಿ.
ಹೇಗಿತ್ತು ಅಂತ ಕೇಳಬಾರದಿತ್ತು ನಾನು.
ಕೇಳಿದೆ.
ಕೈಗವಸು ಹಾಕಿಕೊಂಡಳು, ಒಂದೊಂದೇ ಬೆರಳು.

ಒಂಬತ್ತು ವರ್ಷದ ಪಿಹ್ಲಾಗೆ ಆ ಪುಸ್ತಕ ಕೊಡಬಾರದು, ನಿಯಮ.
ಅವಳು ಬಸ್ಸಿನಲ್ಲೇ ಕೂತು ಓದಿದಳು,
ನಾನು ಎಂಜಿನಿನ ಎಣ್ಣೆ ನೋಡುವ ನೆವದಲ್ಲಿ ತಡಮಾಡಿದೆ.
“ತಮ್ಮ ಇಲ್ಲೇ ಇದ್ದಾನಲ್ಲ!” ಎಂದು ಕೂಗಿದಳು.
“ಎಲ್ಲಿ?”
“ಇಲ್ಲಿ, ಮೂಲೆಯಲ್ಲಿ. ಒಂದು ಕಣ್ಣು ತೆರೆದುಕೊಂಡು.”

ಅವಳು ಇಳಿದ ಮೇಲೆ ಟಾರ್ಚು ಹಿಡಿದು ನೋಡಿದೆ.
ಕಣ್ಣೂ ಅಲ್ಲ, ಬಣ್ಣವೂ ಅಲ್ಲ.
ಮೀನಿನ ಹುರುಪೆ, ಒಂದೇ ಒಂದು,
ಕಪ್ಪಿಗೆ ಅಂಟಿ ಒಣಗಿದ್ದು.
ಯಾರೋ ಅಲ್ಲಿ ಅಂಗೈ ಊರಿದ್ದರು, ಬಹಳ ಹೊತ್ತು.

ಹಿಂದಿರುಗಿದ ಪುಸ್ತಕ ಒರೆಸಿಡಬೇಕು, ಅದೂ ನಿಯಮವೇ.
ಉಗುರು ಅದರ ಅಂಚಿನವರೆಗೆ ಹೋಯಿತು.
ಆಮೇಲೆ ದಾಖಲೆ ತೆಗೆದು, ಷರಾ ಕಾಲಮ್ಮಿನಲ್ಲಿ ಬರೆದೆ:
ಪುಟ ೧೧೨, ಕಲೆ. ಸರಿಪಡಿಸಬೇಕಿಲ್ಲ.

ಮುಂದಿನ ನಿಲ್ದಾಣದಲ್ಲಿ ಓಸ್ಮೊನ ಅಜ್ಜಿ ಕಾಯುತ್ತಿದ್ದಳು,
ಚಿತ್ರದ ಪುಸ್ತಕ ಮಕ್ಕಳಿಗಲ್ಲವೇ ಎಂದು ಗೊಣಗುತ್ತ,
ಕೈಚೀಲದ ಬಾಯಿ ಆಗಲೇ ತೆರೆದು.